ನಾಯಿಯ ಕಿವಿ: ಕಂಡಷ್ಟು ಮಾತ್ರ ಒರೆಸಿ

ಮಳೆಯಲ್ಲಿ ನೆನೆದು ಬಂದ ನಾಯಿ ತಲೆ ಕೊಡವುವುದನ್ನು ನೀವೆಲ್ಲ ನೋಡಿದ್ದೀರಿ. ಅದು ಸಹಜ. ಆದರೆ ಮೈ ಒಣಗಿರುವಾಗಲೂ ಅದು ಮತ್ತೆ ಮತ್ತೆ ತಲೆ ಕೊಡವುತ್ತಿದ್ದರೆ, ಹಿಂಗಾಲಿನಿಂದ ಕಿವಿಯನ್ನು ಕೆರೆದುಕೊಳ್ಳುತ್ತಿದ್ದರೆ, ಮುಟ್ಟಿದೊಡನೆ ಕುಂಯ್‌ಗುಟ್ಟಿದರೆ? ತುಂಟತನವೆಂದು ಗದರಿಸಬೇಡಿ. ಅದಕ್ಕೆ ಕಿವಿ ನೋಯುತ್ತಿರಬಹುದು.

ನಾಯಿಗೆ ಕಿವಿ ದೊಡ್ಡ ಆಸ್ತಿ. ಸೆಕೆಂಡಿಗೆ ಸುಮಾರು 20,000 ಕಂಪನಗಳನ್ನು ಮೀರಿದ ಶಬ್ದ ನಮಗೆ ಕೇಳಿಸದು. ನಾಯಿಗೆ ಸುಮಾರು 45,000 ಕಂಪನಗಳ ಶಬ್ದವೂ ಕೇಳಿಸುತ್ತದೆ. ಇಂಥ ಸೂಕ್ಷ್ಮ ಅಂಗವನ್ನು ಶುಚಿಗೊಳಿಸುವ ಮುನ್ನ ಅದರ ರಚನೆಯನ್ನು ತಿಳಿಯುವುದು ಒಳ್ಳೆಯದು.

ನಮ್ಮ ಕಿವಿಯ ನಾಳ ಹೆಚ್ಚುಕಡಿಮೆ ನೇರವಾಗಿದೆ; ಅದರ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ನಾಯಿಯ ನಾಳ ಇದಕ್ಕಿಂತ ಉದ್ದ. ಅದು ಮೊದಲು ಕೆಳಮುಖವಾಗಿ ಇಳಿದು, ಆಮೇಲೆ ಮಡಿಸಿದ ಮೊಣಕೈಯಂತೆ ಒಳಕ್ಕೆ ತಿರುಗುತ್ತದೆ. ಅದರ ಕೊನೆಯಲ್ಲಿ ಕಿವಿತಮಟೆ ಇದೆ. ಹೀಗಾಗಿ ಒಳಗೆ ಸೇರಿದ ನೀರು ಸುಲಭವಾಗಿ ಹೊರಬರುವುದಿಲ್ಲ. ಕಾಕರ್ ಸ್ಪ್ಯಾನಿಯಲ್, ಲ್ಯಾಬ್ರಡಾರ್ ಮುಂತಾದ ಜೋಲುಕಿವಿಯ ತಳಿಗಳಲ್ಲಿ ಗಾಳಿಯಾಡುವುದೂ ಕಡಿಮೆ. ಆರೋಗ್ಯವಂತ ನಾಯಿಯ ಕಿವಿಯಲ್ಲೂ ಮಲಸೀಜಿಯ ಎಂಬ ಯೀಸ್ಟ್ ಅಲ್ಪ ಪ್ರಮಾಣದಲ್ಲಿರುತ್ತದೆ. ಬೆಚ್ಚನೆಯ ತೇವ ಸಿಕ್ಕಾಗ ಅದು ಮಿತಿಮೀರಿ ಬೆಳೆದು ತುರಿಕೆ, ದುರ್ವಾಸನೆ ತರುತ್ತದೆ.

ಹಾಗಾದರೆ ಹತ್ತಿ ಸುತ್ತಿದ ಕಡ್ಡಿಯಿಂದ ದಿನವೂ ಒಳಗೆಲ್ಲ ತೆಗೆದರಾಯಿತಲ್ಲ ಎನ್ನುವಿರಾ? ತಪ್ಪುವುದು ಇಲ್ಲಿಯೇ. ಕಡ್ಡಿ ಕೊಳೆಯನ್ನು ಹೊರತರುವ ಬದಲು ತಿರುವಿನ ಆಚೆಗೆ ತಳ್ಳುತ್ತದೆ. ನಾಯಿ ತಲೆ ಕೊಡವಿದರೆ ಒಳಗೆ ಗಾಯವೂ ಆದೀತು. ಅಲ್ಲದೆ ಆರೋಗ್ಯವಂತ ಕಿವಿ ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುತ್ತದೆ. ನಾಳದ ಒಳಚರ್ಮ ನಿಧಾನವಾಗಿ ಹೊರಮುಖವಾಗಿ ಸರಿಯುತ್ತ ಗುಗ್ಗೆಯನ್ನು ಹೊರಕ್ಕೆ ಸಾಗಿಸುತ್ತದೆ. ಅತಿಯಾಗಿ ತೊಳೆದರೆ ಆ ಚರ್ಮವೇ ಕೆಡುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ವಾರಕ್ಕೊಮ್ಮೆ ಕಿವಿಯನ್ನು ಮಗುಚಿ ನೋಡಿ, ಮೂಸಿಯೂ ನೋಡಿ. ಕೆಂಪಾಗದ, ಕೀವಿಲ್ಲದ, ನಾರದ ಕಿವಿ ಆರೋಗ್ಯದ ಲಕ್ಷಣ. ಉಣ್ಣಿ, ಹುಲ್ಲಿನ ಮುಳ್ಳು ಅಂಟಿವೆಯೇ ಎಂದು ಪರೀಕ್ಷಿಸಿ. ಹೊರಭಾಗದಲ್ಲಿ ಕೊಳೆ ಕಂಡರೆ, ಪಶುವೈದ್ಯರು ಸೂಚಿಸಿದ ದ್ರಾವಣದಲ್ಲಿ ಅದ್ದಿದ ಹತ್ತಿಯಿಂದ, ಬೆರಳು ಸಲೀಸಾಗಿ ತಲುಪುವಷ್ಟು ಜಾಗವನ್ನು ಮಾತ್ರ ಒರೆಸಿ. ಸ್ನಾನ ಮಾಡಿಸುವಾಗ ಕಿವಿಗೆ ನೀರು ನುಗ್ಗದಂತೆ ನೋಡಿಕೊಳ್ಳಿ. ಕೆರೆಯಲ್ಲಿ ಈಜಿ ಬಂದರೆ ಕಿವಿಯನ್ನು ಒಣಬಟ್ಟೆಯಿಂದ ಒರೆಸಿ. ಮರಿಯಾಗಿದ್ದಾಗಿನಿಂದಲೇ ಕಿವಿ ಮುಟ್ಟಿಸಿಕೊಳ್ಳುವ ಅಭ್ಯಾಸ ಮಾಡಿಸಿದರೆ ಕೆಲಸ ಸುಲಭ. ನೋವಿರುವ ನಾಯಿ ಕಚ್ಚಬಹುದು. ಆಗ ದೊಡ್ಡವರ ನೆರವಿಲ್ಲದೆ ಕೈ ಹಾಕಬೇಡಿ.

ಕಿವಿ ಕೆಂಪಾಗಿ ಊದಿದರೆ, ಕೀವು ಸೋರಿದರೆ, ನಾಯಿ ತಲೆಯನ್ನು ಒಂದು ಬದಿಗೆ ವಾಲಿಸಿಕೊಂಡೇ ಇದ್ದರೆ ತಡಮಾಡದೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಕಾಫಿಪುಡಿಯಂಥ ಕಪ್ಪು ಕಸ ಕಂಡರೆ ಕಿವಿನುಸಿ ಇರಬಹುದು. ಇದು ಮನೆಯ ಇತರ ನಾಯಿ, ಬೆಕ್ಕುಗಳಿಗೂ ಹರಡುತ್ತದೆ. ಸುಮ್ಮನೆ ಬಿಟ್ಟರೆ, ಬಲವಾಗಿ ತಲೆ ಕೊಡವಿ ಕೊಡವಿ ಕಿವಿಯ ಹಾಲೆಯೊಳಗೆ ರಕ್ತನಾಳ ಒಡೆದು, ಅದು ದಿಂಬಿನಂತೆ ಊದಿಕೊಳ್ಳುವುದೂ ಉಂಟು.

ಮನೆಯಲ್ಲಿ ಉಳಿದಿರುವ ಮನುಷ್ಯರ ಕಿವಿಯ ಔಷಧಿಯನ್ನಾಗಲಿ, ಕಾಯಿಸಿದ ಎಣ್ಣೆಯನ್ನಾಗಲಿ ಹಾಕಬೇಡಿ. ಕಿವಿತಮಟೆ ಹರಿದಿದ್ದರೆ ಕೆಲವು ಔಷಧಿಗಳು ಒಳಗಿವಿಗೆ ಇಳಿದು ಕಿವುಡು ತರಬಲ್ಲವು. ವೈದ್ಯರು ಉಪಕರಣದಿಂದ ಒಳಗೆ ನೋಡಿಯೇ ಔಷಧಿ ಬರೆಯುವುದು ಇದಕ್ಕಾಗಿ. ಅವರು ಹೇಳಿದಷ್ಟು ದಿನವೂ ಔಷಧಿ ಹಾಕಿ. ವಾಸನೆ ಹೋಯಿತೆಂದು ಅರ್ಧಕ್ಕೇ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ. ಪದೇ ಪದೇ ಬರುತ್ತಿದ್ದರೆ ಆಹಾರದ ಅಥವಾ ಧೂಳಿನ ಅಲರ್ಜಿಯೂ ಕಾರಣವಿರಬಹುದು.

ತನ್ನ ನೋವನ್ನು ಹೇಳಿಕೊಳ್ಳಲು ನಾಯಿಗೆ ಮಾತು ಬಾರದು. ವಾರಕ್ಕೆ ಎರಡು ನಿಮಿಷ ಅದರ ಕಿವಿಯನ್ನು ಗಮನಿಸಿದರೆ, ನೋವು ಹೆಚ್ಚುವ ಮೊದಲೇ ನಿಮಗೆ ತಿಳಿದೀತು.