ಪಾಠ ಹೇಳುವ ಪರದೆ, ಒಪ್ಪಿಸುವ ಮಗು

ಅಮೆರಿಕದ ಸಿಯಾಟಲ್ ನಗರದಲ್ಲಿ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 9 ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಆ ಕೂಸುಗಳ ಮನೆಮಾತು ಇಂಗ್ಲಿಷ್. ಕೆಲವು ಕೂಸುಗಳ ಎದುರು ಮ್ಯಾಂಡರಿನ್ ಬಲ್ಲವರು ಕುಳಿತು ಪುಸ್ತಕ ಓದಿದರು, ಆಟಿಕೆ ಹಿಡಿದು ಆಡಿಸಿದರು. ಇನ್ನು ಕೆಲವಕ್ಕೆ ಅಂಥದೇ ಓದು, ಅಂಥದೇ ಆಟವನ್ನು ಪರದೆಯ ಮೇಲೆ ತೋರಿಸಲಾಯಿತು. ಒಟ್ಟು 12 ಸಲ, ಪ್ರತಿ ಸಲವೂ ಸುಮಾರು 25 ನಿಮಿಷ. ಮನುಷ್ಯರು ಆಡಿಸಿದ ಕೂಸುಗಳು ಆ ಭಾಷೆಯ ಸೂಕ್ಷ್ಮ ಧ್ವನಿಭೇದಗಳನ್ನು ಗುರುತಿಸಿದವು. ಪರದೆ ನೋಡಿದ ಕೂಸುಗಳು ಅದನ್ನು ಕಲಿಯಲೇ ಇಲ್ಲ. 2003ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಹಾಗಾದರೆ ತಪ್ಪು ಪರದೆಯದೇ? 2018ರಲ್ಲಿ ಅದೇ ತಂಡದ ಇನ್ನೊಂದು ಪ್ರಯೋಗ ಬೇರೆ ಉತ್ತರ ಕೊಟ್ಟಿತು. ಈ ಸಲ ಕೂಸುಗಳು ತಾವೇ ಪರದೆ ಮುಟ್ಟಿದರೆ ವಿಡಿಯೊ ಓಡುತ್ತಿತ್ತು. ಕೆಲವು ಒಂಟಿಯಾಗಿದ್ದವು, ಕೆಲವಕ್ಕೆ ಇನ್ನೊಂದು ಕೂಸು ಜೊತೆಯಾಗಿತ್ತು. ಜೊತೆಯಿದ್ದ ಕೂಸುಗಳ ಮಿದುಳಿನ ವಿದ್ಯುತ್ ಅಲೆಗಳಲ್ಲಿ ಕಲಿಕೆಯ ಗುರುತು ಕಾಣಿಸಿತು. ಪರದೆ ಅಡ್ಡಿಯಾಗಲಿಲ್ಲ; ಮುಟ್ಟುವ ಕೈಗೂ ಪಕ್ಕದ ಜೀವಕ್ಕೂ ಅಲ್ಲಿ ಜಾಗವಿತ್ತು.

ಡಿಜಿಟಲ್ ಪಾಠ ರೂಪಿಸುವವರು ಮೊದಲು ನೋಡಬೇಕಾದದ್ದು ಇದನ್ನೇ: ಪರದೆ ಏನು ತೋರಿಸುತ್ತದೆ ಎಂಬುದಕ್ಕಿಂತ, ಅದರ ಮುಂದೆ ಕುಳಿತವರು ಏನು ಮಾಡುತ್ತಾರೆ ಎಂಬುದು ದೊಡ್ಡದು.

ನಮ್ಮ ಹಳೆಯ ಶಾಲೆಗಳಲ್ಲಿ ಮಗ್ಗಿ ಒಪ್ಪಿಸುವ ರೂಢಿಯಿತ್ತು. ಪುಸ್ತಕ ಮುಚ್ಚಿ, ಮೇಷ್ಟ್ರ ಎದುರು ನಿಂತು, ನೆನಪಿನಿಂದ ಹೊರತೆಗೆಯಬೇಕು. ಹೀಗೆ ಹೊರತೆಗೆಯುವ ಶ್ರಮವೇ ನೆನಪನ್ನು ಗಟ್ಟಿ ಮಾಡುತ್ತದೆ ಎಂಬುದನ್ನು ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ತೋರಿಸಿದರು. ಒಂದು ಗದ್ಯಭಾಗವನ್ನು ಕೆಲವು ವಿದ್ಯಾರ್ಥಿಗಳು ಎರಡು ಸಲ ಓದಿದರು. ಉಳಿದವರು ಒಮ್ಮೆ ಓದಿ, ಮತ್ತೊಮ್ಮೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಎರಡು ಸಲ ಓದಿದವರೇ ಮುಂದಿದ್ದರು. ವಾರ ಕಳೆದಾಗ ಲೆಕ್ಕ ತಿರುಗಿತು: ಅವರಿಗೆ ನೆನಪಿದ್ದದ್ದು ಶೇ 42, ನೆನಪಿನಿಂದ ಬರೆದವರಿಗೆ ಶೇ 56. ಮತ್ತೆ ಮತ್ತೆ ನೋಡಿದಾಗ ಆಗುವ ‘ಗೊತ್ತಾಯಿತು’ ಎಂಬ ಸಮಾಧಾನ ಬಹುಬೇಗ ಕರಗುತ್ತದೆ. ಆದ್ದರಿಂದ ಒಳ್ಳೆಯ ಆ್ಯಪ್ ನಡುನಡುವೆ ವಿಡಿಯೊ ನಿಲ್ಲಿಸಿ ಪ್ರಶ್ನೆ ಕೇಳಬೇಕು. ಕೆಲವು ದಿನ ಬಿಟ್ಟು ಅದನ್ನೇ ಮತ್ತೆ ಕೇಳಬೇಕು.

ಪಾಠದ ಅಳತೆಯೂ ಮುಖ್ಯ. ಎಡ್‌ಎಕ್ಸ್ ಎಂಬ ಆನ್‌ಲೈನ್ ಶಿಕ್ಷಣ ತಾಣದಲ್ಲಿ 69 ಲಕ್ಷ ಬಾರಿ ವಿಡಿಯೊ ನೋಡಿದ ದಾಖಲೆಗಳನ್ನು 2014ರಲ್ಲಿ ಫಿಲಿಪ್ ಗುವೊ ತಂಡ ಪರಿಶೀಲಿಸಿತು. ವಿಡಿಯೊ ಎಷ್ಟೇ ಉದ್ದವಿರಲಿ, ಸಾಮಾನ್ಯ ವಿದ್ಯಾರ್ಥಿ ಅದರಲ್ಲಿ ನಿಂತದ್ದು ಹೆಚ್ಚೆಂದರೆ ಆರು ನಿಮಿಷ. ತರಗತಿಯ ಒಂದು ಗಂಟೆಯ ಉಪನ್ಯಾಸವನ್ನು ಹಾಗೇ ಚಿತ್ರೀಕರಿಸಿ ಹಾಕಿದರೆ ಸಾಲದು.

ಎಲ್ಲಕ್ಕಿಂತ ಮುಖ್ಯವಾದದ್ದು, ಮಗು ನಿಂತ ಮೆಟ್ಟಿಲಿನಿಂದಲೇ ಪಾಠ ಶುರುವಾಗುವುದು. ದೆಹಲಿಯಲ್ಲಿ ‘ಮೈಂಡ್‌ಸ್ಪಾರ್ಕ್’ ತಂತ್ರಾಂಶವನ್ನು ಕಾರ್ತಿಕ್ ಮುರಳೀಧರನ್ ಮತ್ತು ಸಹ ಸಂಶೋಧಕರು ಪರೀಕ್ಷಿಸಿದರು. ಅಧ್ಯಯನದಲ್ಲಿದ್ದ 6ನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದರು. ಅವರಿಗೆ 6ನೇ ತರಗತಿಯ ಪುಸ್ತಕ ದಾಟಲಾಗದ ಗೋಡೆ. ತಂತ್ರಾಂಶ ಪ್ರತಿ ಮಗುವಿನ ಉತ್ತರ ನೋಡಿ, ಅದರ ಮಟ್ಟಕ್ಕೆ ತಕ್ಕ ಲೆಕ್ಕ ಕೊಟ್ಟಿತು. ದಿನಕ್ಕೆ 45 ನಿಮಿಷ ಕಂಪ್ಯೂಟರ್. ಇನ್ನು 45 ನಿಮಿಷ ಚಿಕ್ಕ ಗುಂಪಿನಲ್ಲಿ ಮನುಷ್ಯರ ಪಾಠ. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಸ್ಪಷ್ಟ ಪ್ರಗತಿ ಕಂಡಿತು.

ಮನೆಯಲ್ಲಿ ಮಗುವಿನ ಕೈಗೆ ಕಲಿಕೆಯ ಆ್ಯಪ್ ಕೊಡುವವರಲ್ಲಿ ಒಂದು ಕೋರಿಕೆ. ಅದರ ಬಣ್ಣ, ಸಂಗೀತ, ಬಹುಮಾನದ ನಕ್ಷತ್ರಗಳಿಗೆ ಮರುಳಾಗಬೇಡಿ. ಅರ್ಧ ಗಂಟೆ ಕಳೆದ ಮೇಲೆ ಪರದೆ ಆರಿಸಿ, ಪಕ್ಕದಲ್ಲಿ ಕುಳಿತು, ‘ಇವತ್ತು ಏನು ಕಲಿತೆ? ನನಗೂ ಹೇಳಿಕೊಡು’ ಎಂದು ಕೇಳಿ. ಮಗು ಒಪ್ಪಿಸುವ ಆ ಹೊತ್ತಿನಲ್ಲೇ ಪಾಠ ಅದರದಾಗುತ್ತದೆ.