ಚೊಚ್ಚಲ ಗರ್ಭಿಣಿಯರ ಗಮನಕ್ಕೆ: ತವರುಮನೆಗೆ ತೆರಳುವಾಗ ಆರೋಗ್ಯ ಸೇವೆಗಳನ್ನು ಪಡೆಯುವ ಕ್ರಮ

ಚೊಚ್ಚಲ ಹೆರಿಗೆಯು ತವರುಮನೆಯಲ್ಲಿ ಆಗಬೇಕೆಂಬುದು ನಮ್ಮ ನಾಡಿನಲ್ಲಿ ತಲೆತಲಾಂತರದಿಂದ ನಡೆದುಬಂದಿರುವ ಪದ್ಧತಿ. ಸೀಮಂತ ನೆರವೇರಿದ ಬಳಿಕ ಮಗಳನ್ನು ತವರಿಗೆ ಕರೆದೊಯ್ಯಲಾಗುತ್ತದೆ. ಮೊದಲ ಬಾರಿಗೆ ತಾಯಿಯಾಗುವವರಿಗೆ ಹೆತ್ತವರ ಆಸರೆಯು ಬಹುದೊಡ್ಡ ಧೈರ್ಯ. ಆದರೆ ಊರು ಬದಲಾದಾಗ ಕೊನೆಯ ತಿಂಗಳುಗಳ ತಪಾಸಣೆಯು ತಪ್ಪಿಹೋಗುವ ಸಂಭವವಿದೆ. ಗರ್ಭಿಣಿಯರಲ್ಲಿ ರಕ್ತದೊತ್ತಡ ಏರುವ ತೊಂದರೆಯು 20 ವಾರಗಳ ನಂತರ ಕಾಣಿಸಿಕೊಳ್ಳುವಂಥದ್ದು; ಚೊಚ್ಚಲ ಗರ್ಭಿಣಿಯರಲ್ಲಿ ಇದರ ಸಂಭವ ಹೆಚ್ಚು. ಆದುದರಿಂದ ಊರು ಬದಲಾದರೂ ಆರೈಕೆಯು ನಡುವೆ ತುಂಡಾಗದಂತೆ ನೋಡಿಕೊಳ್ಳುವುದು ಅತ್ಯಗತ್ಯ.

1. ನೋಂದಣಿ

ಮುಟ್ಟು ನಿಂತ ಕೂಡಲೇ, 12 ವಾರಗಳೊಳಗಾಗಿ, ಆಶಾ ಕಾರ್ಯಕರ್ತೆ ಅಥವಾ ಉಪಕೇಂದ್ರದ ಆರೋಗ್ಯ ಸಹಾಯಕಿಯವರಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯತಕ್ಕದ್ದು. ಕೊನೆಯ ಮುಟ್ಟಿನ ದಿನಾಂಕವನ್ನು ಸರಿಯಾಗಿ ತಿಳಿಸಿದಲ್ಲಿ ಹೆರಿಗೆಯ ಅಂದಾಜು ದಿನಾಂಕವನ್ನು ನಿರ್ಧರಿಸಲು ಅನುಕೂಲವಾಗುತ್ತದೆ.

2. ತಪಾಸಣೆಯ ವೇಳಾಪಟ್ಟಿ

ಕನಿಷ್ಠ ನಾಲ್ಕು ತಪಾಸಣೆಗಳು ಅವಶ್ಯಕ:
ಅ) ಮೊದಲನೆಯದು – 12 ವಾರಗಳೊಳಗೆ
ಆ) ಎರಡನೆಯದು – 14ರಿಂದ 26 ವಾರಗಳ ನಡುವೆ
ಇ) ಮೂರನೆಯದು – 28ರಿಂದ 34 ವಾರಗಳ ನಡುವೆ
ಈ) ನಾಲ್ಕನೆಯದು – 36 ವಾರಗಳ ನಂತರ

ಪ್ರತಿ ತಪಾಸಣೆಯಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಹಾಗೂ ಮೂತ್ರ ಪರೀಕ್ಷೆ ನಡೆಸಲಾಗುತ್ತದೆ. ಹಿಮೋಗ್ಲೋಬಿನ್ ಪ್ರಮಾಣವು 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ನಾಲ್ಕನೆಯ ತಿಂಗಳಿನಿಂದ ಪ್ರತಿದಿನ ಒಂದರಂತೆ ಕನಿಷ್ಠ 180 ದಿನ ಕಬ್ಬಿಣಾಂಶದ ಮಾತ್ರೆ ಸೇವಿಸಬೇಕು. ಮಾತ್ರೆಯಿಂದ ಮಲವು ಕಪ್ಪಾಗುವುದು ಸಹಜ. ಈ ಕಾರಣಕ್ಕೆ ಮಾತ್ರೆ ನಿಲ್ಲಿಸಬಾರದು. ಕಾಫಿ, ಚಹಾ ಅಥವಾ ಕ್ಯಾಲ್ಸಿಯಂ ಮಾತ್ರೆಯೊಂದಿಗೆ ಇದನ್ನು ಸೇವಿಸಬಾರದು.

3. ತವರಿಗೆ ತೆರಳುವ ಮುನ್ನ

ಅ) ತೆರಳುವ ದಿನ ಹಾಗೂ ತವರೂರಿನ ಹೆಸರನ್ನು ಆಶಾ ಕಾರ್ಯಕರ್ತೆಗೆ ತಿಳಿಸಬೇಕು.
ಆ) ತಾಯಿ ಕಾರ್ಡ್, ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ವರದಿಗಳು, ಆಧಾರ್, ಪಡಿತರ ಚೀಟಿ ಹಾಗೂ ಬ್ಯಾಂಕ್ ಪಾಸ್‌ಪುಸ್ತಕವನ್ನು ಜೊತೆಯಲ್ಲಿ ಒಯ್ಯಬೇಕು.
ಇ) ತವರು ತಲುಪಿದ ಕೂಡಲೇ ಅಲ್ಲಿನ ಆಶಾ ಕಾರ್ಯಕರ್ತೆಗೆ ತಾಯಿ ಕಾರ್ಡ್ ತೋರಿಸಿ, ಮುಂದಿನ ತಪಾಸಣೆಯ ದಿನವನ್ನು ಗೊತ್ತುಪಡಿಸಿಕೊಳ್ಳಬೇಕು.
ಈ) ಹೆರಿಗೆಗೆ ಹೋಗಬೇಕಾದ ಆಸ್ಪತ್ರೆಯನ್ನೂ ಜೊತೆಗೆ ಬರುವವರನ್ನೂ ಮೊದಲೇ ನಿಶ್ಚಯಿಸಿಕೊಳ್ಳಬೇಕು.

4. ಸಹಜವಾದುದು ಯಾವುದು, ಅಪಾಯ ಯಾವುದು?

ಮೊದಲ ಬಾರಿಗೆ ಬಸಿರಾದವರಿಗೆ ಈ ವ್ಯತ್ಯಾಸವು ತಿಳಿಯದಿರುವುದು ಸ್ವಾಭಾವಿಕ. ಮೊದಲ ತಿಂಗಳುಗಳ ವಾಕರಿಕೆ, ಎದೆಯುರಿ, ಸೊಂಟನೋವು, ಸಂಜೆಯ ಹೊತ್ತಿಗೆ ಪಾದಗಳಲ್ಲಿ ಕಾಣುವ ಅಲ್ಪ ಊತ – ಇವು ಸಾಮಾನ್ಯ. ಮಗುವಿನ ಚಲನೆಯು ಚೊಚ್ಚಲ ಗರ್ಭಿಣಿಯರಿಗೆ ಸುಮಾರು 18ರಿಂದ 20 ವಾರಗಳ ಹೊತ್ತಿಗೆ ಅರಿವಿಗೆ ಬರುತ್ತದೆ.

ಆದರೆ ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈಗಳ ಊತ, ಮೇಲುಹೊಟ್ಟೆಯ ನೋವು, ರಕ್ತಸ್ರಾವ, ಜ್ವರ, ಫಿಟ್ಸ್, ಅವಧಿಗೆ ಮುನ್ನ ನೀರು ಹೋಗುವುದು, ಮಗುವಿನ ಚಲನೆ ಕಡಿಮೆಯಾಗುವುದು – ಇವುಗಳಲ್ಲಿ ಯಾವುದೊಂದು ಕಂಡುಬಂದರೂ ಬೆಳಗಾಗಲೆಂದು ಕಾಯದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ತೆರಳಬೇಕು. "ಇದು ಎಲ್ಲರಿಗೂ ಆಗುವುದೇ" ಎಂದು ಮನೆಯವರು ಕಡೆಗಣಿಸಬಾರದು. ಗರ್ಭಿಣಿಯೂ ಹೇಳಿಕೊಳ್ಳಲು ಸಂಕೋಚಪಡಬಾರದು.

5. ದೊರೆಯುವ ಸೌಲಭ್ಯಗಳು

ಅ) ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ: ಅರ್ಹ ಮಹಿಳೆಯರಿಗೆ ಮೊದಲ ಮಗುವಿಗೆ ಒಟ್ಟು ₹5,000. ನೋಂದಣಿ ಹಾಗೂ ಒಂದು ತಪಾಸಣೆಯ ನಂತರ ₹3,000. ಮಗುವಿನ ಜನನ ನೋಂದಣಿ ಹಾಗೂ ಮೊದಲ ಸುತ್ತಿನ ಲಸಿಕೆಗಳ ನಂತರ ₹2,000. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರತಕ್ಕದ್ದು. ಅಂಗನವಾಡಿ ಕಾರ್ಯಕರ್ತೆಯವರನ್ನು ಸಂಪರ್ಕಿಸುವುದು.
ಆ) ಜನನಿ ಸುರಕ್ಷಾ ಯೋಜನೆ (2005): ಬಡತನ ರೇಖೆಗಿಂತ ಕೆಳಗಿರುವ ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಹಿಳೆಯರಿಗೆ ಸರ್ಕಾರಿ ಆಸ್ಪತ್ರೆಯ ಹೆರಿಗೆಗೆ ಗ್ರಾಮಾಂತರದಲ್ಲಿ ₹700, ನಗರದಲ್ಲಿ ₹600.
ಇ) ಜನನಿ ಶಿಶು ಸುರಕ್ಷಾ ಕಾರ್ಯಕ್ರಮ (2011): ಸರ್ಕಾರಿ ಆಸ್ಪತ್ರೆಗಳಲ್ಲಿ ಸಹಜ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಊಟ ಹಾಗೂ ವಾಹನ ಸೌಲಭ್ಯ ಸಂಪೂರ್ಣ ಉಚಿತ. ಇದಕ್ಕೆ ಆದಾಯದ ಮಿತಿಯಿಲ್ಲ.

6. ಹೆರಿಗೆಯ ನಂತರ

ಮಗುವಿನ ಜನನ ನೋಂದಣಿಯು ಮಗು ಜನಿಸಿದ ಸ್ಥಳದಲ್ಲಿಯೇ, 21 ದಿನಗಳೊಳಗೆ ಆಗಬೇಕು. ತವರಿನಲ್ಲಿ ಹೆರಿಗೆಯಾಗಿದ್ದಲ್ಲಿ ಗಂಡನ ಊರಿಗೆ ಮರಳುವ ಮುನ್ನವೇ ಜನನ ಪ್ರಮಾಣಪತ್ರವನ್ನು ಪಡೆದುಕೊಳ್ಳುವುದು ಒಳ್ಳೆಯದು. ಬಾಣಂತನದಲ್ಲಿಯೂ 180 ದಿನ ಕಬ್ಬಿಣಾಂಶದ ಮಾತ್ರೆಯನ್ನು ಮುಂದುವರಿಸಬೇಕು. ಮಗುವಿನ ಲಸಿಕೆಗಳ ವಿವರವೂ ತಾಯಿ ಕಾರ್ಡಿನಲ್ಲಿಯೇ ದಾಖಲಾಗುವುದರಿಂದ, ಮರಳುವಾಗಲೂ ಅದನ್ನು ತಪ್ಪದೆ ಜೊತೆಯಲ್ಲಿ ತರತಕ್ಕದ್ದು.