ಪರವಾನಗಿ ಕಸಿದರೆ ಸಾಕೆ?

ಅಮೆರಿಕದಲ್ಲಿ ಅಸಿಸ್ಟೆಡ್ ಲಿವಿಂಗ್ ಎಂದು ಕರೆಯುವ ವಸತಿಗೃಹಗಳು ಆಸ್ಪತ್ರೆಗಳೂ ಅಲ್ಲ, ನಮ್ಮ ವೃದ್ಧಾಶ್ರಮಗಳಂಥವೂ ಅಲ್ಲ. ಸ್ನಾನಕ್ಕೆ, ಬಟ್ಟೆ ತೊಡಲು, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಲು ಇನ್ನೊಬ್ಬರ ಆಸರೆ ಬೇಕು. ಆದರೆ ದಿನವಿಡೀ ನರ್ಸ್ ಪಕ್ಕದಲ್ಲೇ ಇರಬೇಕಾಗಿಲ್ಲ. ಅಂಥ ಹಿರಿಯರು ಇಲ್ಲಿ ತಿಂಗಳಿಗಿಷ್ಟು ಎಂದು ಹಣ ಕೊಟ್ಟು ಇರುತ್ತಾರೆ. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ 1980ರ ದಶಕದ ಆರಂಭದಲ್ಲಿ ಈ ಏರ್ಪಾಟಿಗೆ ರೂಪ ಕೊಟ್ಟವರಲ್ಲಿ ಕೆರೆನ್ ಬ್ರೌನ್ ವಿಲ್ಸನ್ ಮುಖ್ಯರು. ಪಾರ್ಶ್ವವಾಯು ಬಡಿದ ಅವರ ತಾಯಿ ವರ್ಷಗಟ್ಟಲೆ ನರ್ಸಿಂಗ್ ಹೋಮ್‌ನಲ್ಲಿ ಕಳೆದಿದ್ದರು. ತನ್ನದೇ ಕೋಣೆ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು, ಬೇಕೆನಿಸಿದಾಗ ಏಳುವ, ಬೇಕಾದ್ದು ತಿನ್ನುವ ಸ್ವಾತಂತ್ರ್ಯ: ಇಷ್ಟನ್ನು ಉಳಿಸಿಕೊಂಡೇ ಆರೈಕೆ ಸಿಗುವ ಜಾಗ ಬೇಕೆಂಬುದು ವಿಲ್ಸನ್ ಅವರ ಆಸೆಯಾಗಿತ್ತು. ಇಂದು ಆ ದೇಶದಲ್ಲಿ ಇಂಥ ಸುಮಾರು 30,000 ಮನೆಗಳಿದ್ದು, 8 ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ವಾಸಿಸುತ್ತಾರೆ. ಅವರಲ್ಲಿ ಬಹಳಷ್ಟು ಮಂದಿಗೆ ಮರೆಗುಳಿತನವಿದೆ.

ಈ ಮನೆಗಳ ಮೇಲಿನ ಹಿಡಿತ ಯಾರದು ಎಂಬಲ್ಲಿಂದಲೇ ತೊಡಕು ಶುರುವಾಗುತ್ತದೆ. ನರ್ಸಿಂಗ್ ಹೋಮ್‌ಗಳಿಗೆ 1987ರಲ್ಲಿ ಅಮೆರಿಕದ ಸಂಸತ್ತು ಮಾಡಿದ ಕಾನೂನಿದೆ. ಅಲ್ಲಿನ ತಪಾಸಣೆ, ನಿವಾಸಿಗಳ ಹಕ್ಕು, ದಂಡ ಎಲ್ಲಕ್ಕೂ ಇಡೀ ದೇಶಕ್ಕೆ ಅನ್ವಯಿಸುವ ನಿಯಮಗಳಿವೆ. ಮೆಡಿಕೇರ್, ಮೆಡಿಕೈಡ್ ಎಂಬ ಸರಕಾರಿ ವಿಮೆಗಳ ಹಣ ಅಲ್ಲಿಗೆ ಹರಿಯುವುದರಿಂದ ಕೇಂದ್ರ ಸರಕಾರಕ್ಕೆ ಲೆಕ್ಕ ಕೇಳುವ ಅಧಿಕಾರ ಬಂದಿದೆ. ಅಸಿಸ್ಟೆಡ್ ಲಿವಿಂಗ್‌ಗೆ ಅಂಥ ರಾಷ್ಟ್ರೀಯ ಕಾನೂನೇ ಇಲ್ಲ. ಇಲ್ಲಿನ ವಾಸದ ಖರ್ಚನ್ನು ಮೆಡಿಕೇರ್ ಕೊಡುವುದಿಲ್ಲ. ಹೆಚ್ಚಿನವರು ಮನೆ ಮಾರಿದ ಹಣದಿಂದಲೋ ಮಕ್ಕಳ ನೆರವಿನಿಂದಲೋ ಕಟ್ಟುತ್ತಾರೆ. 2023ರ ಒಂದು ಸಮೀಕ್ಷೆಯಂತೆ ವರ್ಷದ ಮಧ್ಯಮ ವೆಚ್ಚ 64,200 ಡಾಲರ್. ಇಷ್ಟು ಹಣ ತೆತ್ತು ಸಿಗುವ ಆರೈಕೆಯ ಕನಿಷ್ಠ ಮಟ್ಟ ಏನಿರಬೇಕೆಂದು ಆಯಾ ರಾಜ್ಯವೇ ತೀರ್ಮಾನಿಸುತ್ತದೆ. ಹಾಗಾಗಿ 50 ರಾಜ್ಯಗಳಲ್ಲಿ 50 ಬಗೆಯ ನಿಯಮಗಳಿವೆ. ಇಂಥ ಮನೆಗಳ ಹೆಸರು ಕೂಡ ಎಲ್ಲ ಕಡೆ ಒಂದೇ ಅಲ್ಲ.

ನಿರ್ಲಕ್ಷ್ಯ ಎಂದಾಗ ಹೊಡೆತ, ಬೈಗುಳ ನೆನಪಾಗುವುದು ಸಹಜ. ತಪಾಸಣೆಯ ವರದಿಗಳಲ್ಲಿ ಕಾಣುವುದು ಹೆಚ್ಚಾಗಿ ಅದಲ್ಲ. ಮಾಡಬೇಕಾದ್ದನ್ನು ಮಾಡದೆ ಬಿಟ್ಟದ್ದು. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಚರ್ಮ ಒಡೆದು ಹಾಸಿಗೆ ಹುಣ್ಣು ಏಳುತ್ತದೆ. ಗಮನಿಸದೆ ಹೋದರೆ ಅದು ಮೂಳೆಯ ತನಕ ಇಳಿಯುತ್ತದೆ. ಒಬ್ಬರ ಮಾತ್ರೆ ಇನ್ನೊಬ್ಬರ ಹೊಟ್ಟೆ ಸೇರುತ್ತದೆ. ಬಿದ್ದವರು ಬೆಳಗಿನ ತನಕ ನೆಲದ ಮೇಲೇ ಇರುತ್ತಾರೆ. ಕೇಳಲಾರದವರಿಗೆ ನೀರು ಕುಡಿಸುವವರಿಲ್ಲದೆ ದೇಹ ಒಣಗುತ್ತದೆ. ಮರೆಗುಳಿತನ ಇರುವವರು ಬಾಗಿಲು ತೆರೆದುಕೊಂಡು ಹೊರಟುಬಿಡುವುದು ಇವೆಲ್ಲಕ್ಕಿಂತ ಭಯಂಕರ. ಉತ್ತರದ ರಾಜ್ಯಗಳ ಚಳಿಗಾಲದಲ್ಲಿ ಅಂಗಳ ದಾಟುವುದೇ ಸಾವಿಗೆ ಸಾಕು. 2018ರಿಂದ ಈಚೆಗೆ ಹೀಗೆ ಹೊರಗೆ ಹೋದವರು ಅಥವಾ ಹೊರಗೇ ಉಳಿದುಹೋದವರು 2,000ಕ್ಕೂ ಹೆಚ್ಚು, ಸತ್ತವರು ನೂರರ ಸಮೀಪ ಎಂದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 2023ರ ಡಿಸೆಂಬರ್‌ನಲ್ಲಿ ಬರೆಯಿತು. ಬಾಗಿಲಿನ ಅಲಾರಂ ಕೂಗಿದರೂ ಯಾರೂ ಎದ್ದು ನೋಡದ ಪ್ರಕರಣಗಳು ಅದರಲ್ಲಿದ್ದವು.

ಬಹುಪಾಲು ಪ್ರಕರಣಗಳ ಬೇರು ಒಂದೇ: ಕೈಗಳು ಸಾಲದು. ಆರೈಕೆ ಮಾಡುವವರ ಸಂಬಳ ಕಡಿಮೆ, ಕೆಲಸ ಬಿಡುವವರು ಹೆಚ್ಚು, ತರಬೇತಿ ಅಲ್ಪ. ಇಷ್ಟು ಜನರಿಗೆ ಇಷ್ಟು ಮಂದಿ ಇರಲೇಬೇಕು ಎಂಬ ಲೆಕ್ಕ ಬಹಳ ರಾಜ್ಯಗಳಲ್ಲಿ ಇಲ್ಲ. ಅಗತ್ಯಕ್ಕೆ ತಕ್ಕಷ್ಟು ಇರಬೇಕು ಎಂದಷ್ಟೇ ಬರೆದಿರುತ್ತದೆ. ಕ್ಯಾಲಿಫೋರ್ನಿಯಾದ ರಾತ್ರಿ ಪಾಳಿಯ ನಿಯಮ ನೋಡಿದರೆ ಪರಿಸ್ಥಿತಿ ಗೊತ್ತಾಗುತ್ತದೆ. ನೂರು ಜನರಿರುವ ಮನೆಯಲ್ಲೂ ಒಬ್ಬರು ಎಚ್ಚರವಾಗಿದ್ದು, ಕರೆದರೆ ಹತ್ತು ನಿಮಿಷದಲ್ಲಿ ಬರಬಲ್ಲ ಇನ್ನೊಬ್ಬರಿದ್ದರೆ ಕನಿಷ್ಠ ಷರತ್ತು ಪೂರೈಸಿದಂತೆ. ಇಬ್ಬರಿಗೆ ಒಟ್ಟಿಗೆ ತೊಂದರೆಯಾದ ರಾತ್ರಿ ಆ ಒಬ್ಬರು ಯಾರ ಕೋಣೆಗೆ ಓಡಬೇಕು ಎಂಬ ಪ್ರಶ್ನೆಗೆ ಈ ನಿಯಮದಲ್ಲಿ ಉತ್ತರವಿಲ್ಲ.

ತಪ್ಪು ಕಂಡುಹಿಡಿಯುವ ದಾರಿ ಎರಡು, ತಪಾಸಣೆ ಮತ್ತು ದೂರು. ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸ ಸಮಾಜಸೇವಾ ಇಲಾಖೆಯ ಲೈಸೆನ್ಸ್ ವಿಭಾಗದ್ದು. ಅಧಿಕಾರಿ ಮುನ್ಸೂಚನೆ ಇಲ್ಲದೆ ಬಂದು ಮಾತ್ರೆಗಳ ದಾಖಲೆ, ಸಿಬ್ಬಂದಿಯ ಪಟ್ಟಿ, ಅಡುಗೆಮನೆ, ನಿವಾಸಿಗಳ ಸ್ಥಿತಿ ನೋಡುತ್ತಾರೆ. ಕಂಡ ಲೋಪಗಳಿಗೆ ಎರಡು ದರ್ಜೆ. ಜೀವಕ್ಕೋ ಆರೋಗ್ಯಕ್ಕೋ ತಕ್ಷಣದ ಅಪಾಯ ತರುವಂಥದು ಎ ದರ್ಜೆ. ಬಿಟ್ಟರೆ ಮುಂದೆ ಅಪಾಯವಾಗಬಹುದಾದ್ದು ಬಿ ದರ್ಜೆ. ಸರಿಪಡಿಸಲು ಗಡುವು ಕೊಡುತ್ತಾರೆ, ಮೀರಿದರೆ ದಂಡ ಬೀಳುತ್ತದೆ. ಫ್ಲೋರಿಡಾದಲ್ಲಿ ನಾಲ್ಕು ದರ್ಜೆಗಳಿವೆ. ಅತಿ ಗಂಭೀರವಾದ ಮೊದಲ ದರ್ಜೆಗೆ 5,000ದಿಂದ 10,000 ಡಾಲರ್ ದಂಡ. ದಂಡಕ್ಕಿಂತ ಮೇಲಿನ ಮೆಟ್ಟಿಲು ಹೊಸಬರನ್ನು ಸೇರಿಸಿಕೊಳ್ಳದಂತೆ ತಡೆ, ಅದಕ್ಕೂ ಮೇಲೆ ಪರವಾನಗಿಯ ಅಮಾನತು, ಕೊನೆಗೆ ರದ್ದು.

ಕಾಗದದ ಮೇಲೆ ಈ ಮೆಟ್ಟಿಲುಗಳೆಲ್ಲ ಇದ್ದರೂ ಇಲಾಖೆಗಳು ಕೆಳಗಿನೆರಡರಲ್ಲೇ ವರ್ಷಗಟ್ಟಲೆ ನಿಂತುಬಿಡುತ್ತಿದ್ದವು. ಕ್ಯಾಲಿಫೋರ್ನಿಯಾ ಬಜೆಟ್ ಕಡಿತದ ಹೆಸರಲ್ಲಿ 2003ರ ಹೊತ್ತಿಗೆ ವಾರ್ಷಿಕ ತಪಾಸಣೆಯನ್ನೇ ಕೈಬಿಟ್ಟಿತು. ಐದು ವರ್ಷಕ್ಕೊಮ್ಮೆಯಾದರೂ ಪ್ರತಿ ಮನೆಗೂ ಹೋಗಿಬರಬೇಕು ಎಂಬುದಷ್ಟೇ ಉಳಿಯಿತು. ಎಂಬತ್ತೈದನೇ ವಯಸ್ಸಿನಲ್ಲಿ ಸೇರಿದವರು ಮುಂದಿನ ತಪಾಸಣೆಯ ಹೊತ್ತಿಗೆ ತೊಂಬತ್ತು ತಲುಪಿರಬಹುದು, ಇದ್ದರೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೂ ಇಲಾಖೆ ಹಾಕಬಹುದಾದ ಗರಿಷ್ಠ ದಂಡ 150 ಡಾಲರ್ ಆಗಿತ್ತು. ಒಬ್ಬ ನಿವಾಸಿಯಿಂದ ಮನೆಗೆ ಒಂದು ದಿನಕ್ಕೆ ಬರುತ್ತಿದ್ದ ಹಣವೇ ಹೆಚ್ಚುಕಡಿಮೆ ಅಷ್ಟಿತ್ತು.

ಇಂಥ ದಂಡಕ್ಕೂ ನ್ಯಾಯಾಲಯ ಕೊಡಬಲ್ಲ ಪರಿಹಾರಕ್ಕೂ ಇದ್ದ ಅಂತರವನ್ನು ಆಗ ದೇಶದ ಅತಿ ದೊಡ್ಡ ಅಸಿಸ್ಟೆಡ್ ಲಿವಿಂಗ್ ಕಂಪನಿಗಳಲ್ಲಿ ಒಂದಾಗಿದ್ದ ಎಮೆರಿಟಸ್‌ನ ಪ್ರಕರಣ ಬಯಲುಮಾಡಿತು. ಅಲ್ಜೈಮರ್ ಇದ್ದ ಮಹಿಳೆಯೊಬ್ಬರನ್ನು 2008ರಲ್ಲಿ ಆ ಕಂಪನಿಯ ಕ್ಯಾಲಿಫೋರ್ನಿಯಾದ ಮನೆಯೊಂದಕ್ಕೆ ಸೇರಿಸಲಾಗಿತ್ತು. ಕೆಲವೇ ತಿಂಗಳಲ್ಲಿ ಅವರ ಮೈಮೇಲೆ ಆಳವಾದ ಹಾಸಿಗೆ ಹುಣ್ಣುಗಳಾದವು. 2009ರ ಆರಂಭದಲ್ಲಿ ಅವರು ತೀರಿಕೊಂಡರು. ಕುಟುಂಬ ಮೊಕದ್ದಮೆ ಹೂಡಿತು. 2013ರ ಮಾರ್ಚ್‌ನಲ್ಲಿ ಸ್ಯಾಕ್ರಮೆಂಟೊದ ಜ್ಯೂರಿ ಕಂಪನಿಯ ಮೇಲೆ ಶಿಕ್ಷಾರೂಪದ ಪರಿಹಾರವಾಗಿಯೇ ಸುಮಾರು 2 ಕೋಟಿ 30 ಲಕ್ಷ ಡಾಲರ್ ಹೊರಿಸಿತು. ಅದೇ ವರ್ಷದ ಜುಲೈಯಲ್ಲಿ ಫ್ರಂಟ್‌ಲೈನ್ ಎಂಬ ಟಿವಿ ಸರಣಿ ಮತ್ತು ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಸೇರಿ ಈ ಉದ್ಯಮದ ಬಗ್ಗೆ ಸಾಕ್ಷ್ಯಚಿತ್ರ ಪ್ರಸಾರಮಾಡಿದವು. ಹೀಗೆ ನ್ಯಾಯಾಲಯದ ಬಾಗಿಲು ತಟ್ಟಬೇಕಾದರೆ ಹಣ ಬೇಕು, ವರ್ಷಗಳ ತಾಳ್ಮೆ ಬೇಕು, ಹೋರಾಡುವ ಮಕ್ಕಳು ಬೇಕು. ಯಾರೂ ಇಲ್ಲದವರ ಪರವಾಗಿ ನಿಲ್ಲಬೇಕಾದ್ದು ಸರಕಾರವೇ.

ಆ ಸರಕಾರವೇ ನಿಲ್ಲದಿದ್ದರೆ ಏನಾಗುತ್ತದೆ ಎಂಬುದು ಆ ಸಾಕ್ಷ್ಯಚಿತ್ರ ಬಂದ ಮೂರು ತಿಂಗಳಲ್ಲೇ ಕಂಡಿತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವಕ್ಕೆ ಕ್ಯಾಸ್ಟ್ರೊ ವ್ಯಾಲಿ ಎಂಬ ಊರಿದೆ. ಅಲ್ಲಿನ ವ್ಯಾಲಿ ಸ್ಪ್ರಿಂಗ್ಸ್ ಮ್ಯಾನರ್ ಎಂಬ ಮನೆಯನ್ನು ಸಾಲುಸಾಲು ಲೋಪಗಳಿಗಾಗಿ ಮುಚ್ಚಬೇಕೆಂದು 2013ರ ಅಕ್ಟೋಬರ್‌ನಲ್ಲಿ ಇಲಾಖೆ ಆದೇಶ ಕೊಟ್ಟಿತು. ಆದೇಶ ಸರಿಯಾದದ್ದೇ. ಗಡುವಿನ ದಿನ ಗುರುವಾರ ಬಂತು. ಮಾಲೀಕರ ಕಡೆಯವರೂ ಬಹುತೇಕ ಸಿಬ್ಬಂದಿಯೂ ಹೊರಟುಹೋದರು. ನಿವಾಸಿಗಳನ್ನು ಬೇರೆಡೆಗೆ ಸಾಗಿಸುವ ಏರ್ಪಾಟು ಮುಗಿದಿರಲಿಲ್ಲ. ಇಲಾಖೆ ದಂಡ ಬರೆದು ಕೈತೊಳೆದುಕೊಂಡಿತು. ಎದ್ದು ಓಡಾಡಲಾರದವರು, ಮರೆಗುಳಿತನದವರು ಸೇರಿ ಹನ್ನೆರಡಕ್ಕೂ ಹೆಚ್ಚು ಜನ ಒಳಗೇ ಉಳಿದರು. ಅವರ ಜೊತೆ ಉಳಿದದ್ದು ಅಡುಗೆಯವನು ಮತ್ತು ಕಸ ಗುಡಿಸುವ ಕೆಲಸದವನು. ಸಂಬಳ ಸಿಗುವ ಭರವಸೆಯಿಲ್ಲದೆ ಆ ಇಬ್ಬರೇ ಊಟ ಬಡಿಸಿದರು, ಸ್ನಾನ ಮಾಡಿಸಿದರು, ಮಾತ್ರೆ ಕೊಟ್ಟರು, ರಾತ್ರಿ ಎದ್ದು ನೋಡಿಕೊಂಡರು. ಆಂಬುಲೆನ್ಸ್‌ಗೆ ಮತ್ತೆ ಮತ್ತೆ ಕರೆ ಹೋದಾಗ ಶನಿವಾರ ಷೆರೀಫ್ ಕಚೇರಿಯವರು ಬಂದು ಉಳಿದವರನ್ನು ಆಸ್ಪತ್ರೆಗಳಿಗೆ ಸಾಗಿಸಿದರು. ಮುಂದೆ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಆ ಮನೆ ನಡೆಸುತ್ತಿದ್ದವರ ಮೇಲೆ ಹಿರಿಯರಿಗೆ ಹಿಂಸೆ ಕೊಟ್ಟ ಕ್ರಿಮಿನಲ್ ಆರೋಪ ಹೊರಿಸಿತು.

ಮನೆ ಮುಚ್ಚಿಸುವುದು ಇಲಾಖೆಯ ಕೈಯಲ್ಲಿರುವ ಅತಿ ದೊಡ್ಡ ಶಿಕ್ಷೆ. ಆದರೆ ಅದು ತಪ್ಪು ಮಾಡಿದವರಿಗಿಂತ ಮೊದಲು ಮಲಗಿರುವವರಿಗೆ ತಗಲುತ್ತದೆ ಎಂಬುದನ್ನು ಕ್ಯಾಸ್ಟ್ರೊ ವ್ಯಾಲಿ ತೋರಿಸಿಕೊಟ್ಟಿತು. ಜಾಗ ಬದಲಾದರೆ ಮರೆಗುಳಿತನ ಇರುವವರ ಗೊಂದಲ ಹೆಚ್ಚುತ್ತದೆ, ಊಟ ಬಿಡುತ್ತಾರೆ, ಬೀಳುತ್ತಾರೆ. ಪ್ರತಿಯೊಬ್ಬರಿಗೂ ಹೊಸ ಜಾಗ, ಅವರ ಔಷಧದ ಪಟ್ಟಿ, ವೈದ್ಯರ ಚೀಟಿ, ಕುಟುಂಬದವರ ಒಪ್ಪಿಗೆ ಎಲ್ಲ ಸಿದ್ಧವಾದ ಮೇಲೆಯೇ ಬಾಗಿಲಿಗೆ ಬೀಗ ಬೀಳಬೇಕು. ಅದು ಅಧಿಕಾರಿಗಳ ಕೆಲಸದ ಮುಖ್ಯ ಭಾಗವೇ ಹೊರತು ಆಮೇಲೆ ನೋಡಿಕೊಳ್ಳುವ ವಿಷಯವಲ್ಲ.

ಮರುವರ್ಷ, 2014ರಲ್ಲಿ, ಕ್ಯಾಲಿಫೋರ್ನಿಯಾದ ಶಾಸನಸಭೆ ಒಂದರ ಹಿಂದೊಂದು ಮಸೂದೆಗಳನ್ನು ಒಪ್ಪಿತು. ಸಾವಿಗೆ ಕಾರಣವಾದ ಲೋಪಕ್ಕೆ ದಂಡ 150ರಿಂದ 15,000 ಡಾಲರ್‌ಗೆ, ಗಂಭೀರ ಗಾಯಕ್ಕೆ 10,000 ಡಾಲರ್‌ಗೆ ಏರಿತು. ನಿವಾಸಿಗಳನ್ನು ಅಪಾಯದಲ್ಲಿ ಬಿಟ್ಟು ಓಡಿದವರಿಗೆ ಇನ್ನೆಂದೂ ಪರವಾನಗಿ ಸಿಗದಂತಾಯಿತು. ಲೋಪ ಸರಿಪಡಿಸದ, ದಂಡ ಕಟ್ಟದ ಮನೆಗೆ ಹೊಸಬರ ಸೇರ್ಪಡೆ ನಿಲ್ಲಿಸುವ ಅಧಿಕಾರ ಇಲಾಖೆಗೆ ಬಂತು. ಇದು ಬಹಳ ಒಳ್ಳೆಯ ಕ್ರಮ. ಆದಾಯ ಕುಗ್ಗುವುದರಿಂದ ಮಾಲೀಕರಿಗೆ ಬಿಸಿ ತಟ್ಟುತ್ತದೆ, ಒಳಗಿರುವವರು ಕದಲಬೇಕಾಗಿಲ್ಲ. ಜವಾಬ್ದಾರಿ ವಿಮೆ ಕಡ್ಡಾಯವಾಯಿತು, ಮನೆ ನಡೆಸುವವರ ತರಬೇತಿಯ ಗಂಟೆಗಳು ಹೆಚ್ಚಿದವು. ತಪಾಸಣೆಯ ಅಂತರ ಮೂರು ವರ್ಷಕ್ಕೆ, ಎರಡಕ್ಕೆ ಇಳಿದು, 2019ರಿಂದ ಮತ್ತೆ ವರ್ಷಕ್ಕೊಮ್ಮೆ ಎಂದಾಯಿತು.

ಹೊಸ ಕಾನೂನುಗಳಿಗೆ 2017ರ ಅಕ್ಟೋಬರ್ 8ರ ರಾತ್ರಿ ಪರೀಕ್ಷೆ ಬಂತು. ಸಾಂಟಾ ರೋಸಾ ನಗರಕ್ಕೆ ಟಬ್ಸ್ ಕಾಳ್ಗಿಚ್ಚು ನುಗ್ಗಿದಾಗ ಓಕ್‌ಮಾಂಟ್ ಕಂಪನಿಯ ವಿಲ್ಲಾ ಕ್ಯಾಪ್ರಿ ಮತ್ತು ವರೆನ್ನಾ ಎಂಬ ಎರಡು ಮನೆಗಳ ಹಲವು ನಿವಾಸಿಗಳು ಒಳಗಿರುವಾಗಲೇ ಸಿಬ್ಬಂದಿ ಹೊರಟಿದ್ದರೆಂದು ಇಲಾಖೆಯ ತನಿಖೆ ಹೇಳಿತು. ಅವರನ್ನು ಹೊರತಂದವರು ಕುಟುಂಬದವರು ಮತ್ತು ತುರ್ತು ಸೇವೆಯವರು. ವಿಲ್ಲಾ ಕ್ಯಾಪ್ರಿ ಸುಟ್ಟು ಬೂದಿಯಾಯಿತು. 2018ರ ಸೆಪ್ಟೆಂಬರ್‌ನಲ್ಲಿ ಎರಡೂ ಪರವಾನಗಿಗಳನ್ನು ರದ್ದುಮಾಡಲು ಇಲಾಖೆ ಮುಂದಾಯಿತು. ಕಂಪನಿ ಆಕ್ಷೇಪಿಸಿತು. ಕೆಲವು ವಾರಗಳ ನಂತರದ ಒಪ್ಪಂದದಲ್ಲಿ ರದ್ದತಿ ಹೋಗಿ ಎರಡು ವರ್ಷಗಳ ನಿಗಾ ಉಳಿಯಿತು. ಕುಟುಂಬಗಳಿಗೆ ಇದು ಬಹಳ ನೋವು ತಂದಿತು. ವಕೀಲರ ಬಲವಿರುವ ದೊಡ್ಡ ಕಂಪನಿಯೆದುರು ಇಂಥ ರಾಜಿ ಸಾಮಾನ್ಯ. ವಿಚಾರಣೆ ನಡೆಸಿ ಗೆಲ್ಲುವಷ್ಟು ಸಾಕ್ಷ್ಯ ಕಲೆಹಾಕಲು ಇಲಾಖೆಗೆ ಜನ ಬೇಕು, ಸಮಯ ಬೇಕು.

ದೂರಿನ ದಾರಿಯೂ ಹೇಗೆ ಕಟ್ಟಿಕೊಳ್ಳಬಹುದು ಎಂಬುದಕ್ಕೆ ಮಿನೆಸೋಟ ಉದಾಹರಣೆ. ಅಲ್ಲಿನ ಸ್ಟಾರ್ ಟ್ರಿಬ್ಯೂನ್ ಪತ್ರಿಕೆ 2017ರ ನವೆಂಬರ್‌ನಲ್ಲಿ ಸರಣಿ ಲೇಖನ ಬರೆದಾಗ, ಆರೋಗ್ಯ ಇಲಾಖೆಗೆ ಬಂದ ಸಾವಿರಾರು ದೂರುಗಳು ಪರಿಶೀಲನೆಯನ್ನೇ ಕಂಡಿಲ್ಲವೆಂಬುದು ಹೊರಬಿತ್ತು. ಮುಂದಿನ ತಿಂಗಳು ರಾಜ್ಯದ ಆರೋಗ್ಯ ಆಯುಕ್ತರು ರಾಜೀನಾಮೆ ಕೊಟ್ಟರು. ಅಸಿಸ್ಟೆಡ್ ಲಿವಿಂಗ್ ಮನೆಗಳಿಗೆಂದೇ ಪರವಾನಗಿ ಪದ್ಧತಿ ಕೂಡ ಆ ರಾಜ್ಯದಲ್ಲಿರಲಿಲ್ಲ. 2019ರಲ್ಲಿ ಮಾಡಿದ ಕಾನೂನು 2021ರ ಆಗಸ್ಟ್ 1ರಂದು ಜಾರಿಗೆ ಬಂದಾಗ ಆ ಕೊರತೆ ತುಂಬಿತು. ನಿರ್ಲಕ್ಷ್ಯಕ್ಕೆ ತುತ್ತಾದವರ ಮಕ್ಕಳು ಸಂಘಟಿತರಾಗಿ ಶಾಸಕರನ್ನು ಬಿಡದೆ ಕಾಡಿದ್ದರಿಂದ ಬಂದ ಕಾನೂನು ಅದು.

ಅಧಿಕಾರಿಗಳ ಹೊರತಾಗಿ ಈ ಮನೆಗಳಿಗೆ ಹೋಗಿಬರುವ ಇನ್ನೊಂದು ವ್ಯವಸ್ಥೆ ಓಂಬುಡ್ಸ್‌ಮನ್. ಪ್ರತಿ ರಾಜ್ಯದಲ್ಲೂ ಇದು ಇರಬೇಕೆಂದು ಹಿರಿಯರ ಕುರಿತ ರಾಷ್ಟ್ರೀಯ ಕಾಯ್ದೆಗೆ 1978ರಲ್ಲಿ ಮಾಡಿದ ತಿದ್ದುಪಡಿ ಹೇಳಿತು. ಇವರು ದಂಡ ಹಾಕಲಾರರು. ನಿವಾಸಿಯ ಪಕ್ಕ ಕೂತು ಕೇಳಿಸಿಕೊಂಡು, ಆಕೆಯ ಒಪ್ಪಿಗೆಯಿದ್ದರೆ ಮಾತ್ರ ವಿಷಯ ಮುಂದಕ್ಕೆ ಒಯ್ಯುತ್ತಾರೆ. ದೂರು ಕೊಟ್ಟರೆ ನಾಳೆ ನನ್ನನ್ನು ಯಾರು ಎತ್ತಿ ಕೂರಿಸುತ್ತಾರೆ ಎಂಬ ಹೆದರಿಕೆ ಇರುವವರು ಬಾಯಿಬಿಡುವುದು ಹೆಚ್ಚಾಗಿ ಇವರ ಮುಂದೆ. ಇವರಲ್ಲಿ ಸಾವಿರಾರು ಮಂದಿ ಸಂಬಳವಿಲ್ಲದ ಸ್ವಯಂಸೇವಕರು.

ಕೇಂದ್ರ ಸರಕಾರ ಪೂರ್ತಿ ದೂರ ನಿಂತಿದೆ ಎನ್ನುವಂತಿಲ್ಲ. ಬಡವರಿಗಾಗಿರುವ ಮೆಡಿಕೈಡ್‌ನ ಹಣ ಈ ಮನೆಗಳಿಗೂ ಸ್ವಲ್ಪಸ್ವಲ್ಪವಾಗಿ ಬರತೊಡಗಿದೆ. ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2018ರ ಜನವರಿಯಲ್ಲಿ ಕೊಟ್ಟ ವರದಿಯಂತೆ, 2014ರಲ್ಲಿ 48 ರಾಜ್ಯಗಳು 3 ಲಕ್ಷ 30 ಸಾವಿರಕ್ಕೂ ಹೆಚ್ಚು ಜನರ ಅಸಿಸ್ಟೆಡ್ ಲಿವಿಂಗ್ ಸೇವೆಗಾಗಿ 1,000 ಕೋಟಿ ಡಾಲರ್‌ಗೂ ಹೆಚ್ಚು ಖರ್ಚುಮಾಡಿದ್ದವು. ಆದರೆ ಆ ಜನರಿಗಾದ ಗಂಭೀರ ಘಟನೆಗಳು, ಅಂದರೆ ನಿರ್ಲಕ್ಷ್ಯ, ಹಿಂಸೆ, ಅನುಮಾನಾಸ್ಪದ ಸಾವು, ಎಷ್ಟೆಂದು ಕೇಳಿದಾಗ 26 ರಾಜ್ಯಗಳ ಬಳಿ ಉತ್ತರವಿರಲಿಲ್ಲ. ಲೆಕ್ಕ ಕೊಟ್ಟ 22 ರಾಜ್ಯಗಳಲ್ಲೇ ಅಂಥ ಘಟನೆಗಳು 22,900ಕ್ಕೂ ಹೆಚ್ಚು. 2024ರ ಜನವರಿಯಲ್ಲಿ ಸೆನೆಟ್‌ನ ಹಿರಿಯರ ವಿಶೇಷ ಸಮಿತಿ ಬಾಬ್ ಕೇಸಿ ಅವರ ಅಧ್ಯಕ್ಷತೆಯಲ್ಲಿ ಈ ವಿಷಯ ಕೈಗೆತ್ತಿಕೊಂಡಿತು. ರಾಷ್ಟ್ರೀಯ ನಿಯಮ ಬಂದರೆ ಖರ್ಚು ಏರುತ್ತದೆ, ಸಣ್ಣ ಮನೆಗಳು ಮುಚ್ಚುತ್ತವೆ, ಎಲ್ಲವೂ ಮತ್ತೆ ನರ್ಸಿಂಗ್ ಹೋಮ್‌ನಂತಾಗುತ್ತದೆ ಎಂಬುದು ಉದ್ಯಮದ ವಾದ. ಇದರಲ್ಲಿ ಸತ್ಯಾಂಶವಿದ್ದರೂ, ಯಾವ ಮನೆಯಲ್ಲಿ ಎಷ್ಟು ಸಿಬ್ಬಂದಿ ಇದ್ದಾರೆ, ಅಲ್ಲಿ ಏನೇನು ಅನಾಹುತವಾಗಿದೆ ಎಂಬುದನ್ನು ಎಲ್ಲರೂ ನೋಡುವಂತೆ ಪ್ರಕಟಿಸಲು ಅಂಥ ಖರ್ಚೇನೂ ಬೀಳುವುದಿಲ್ಲ. ನರ್ಸಿಂಗ್ ಹೋಮ್‌ಗಳನ್ನು ಹೋಲಿಸಿ ನೋಡಲು ಸರಕಾರದ ಜಾಲತಾಣವಿದೆ. ಅಸಿಸ್ಟೆಡ್ ಲಿವಿಂಗ್‌ಗೆ ಅಂಥದು ಇಲ್ಲ. ತಾಯಿಗೆ ಮನೆ ಹುಡುಕುವ ಮಗಳು ಇಂದಿಗೂ ಆಯಾ ರಾಜ್ಯದ ತಪಾಸಣಾ ವರದಿಗಳನ್ನು ಒಂದೊಂದಾಗಿ ಹುಡುಕಿ ಓದಬೇಕಾಗಿದೆ.